ಅರ್ಧ ಉಜ್ಜಿದ ಗಡಿಯಾರ

ವೆಂಕಟಾಚಲಯ್ಯನವರ ಮಾತನ್ನು ನಂಬುವುದಾದರೆ, ಬರೋಡಾದಲ್ಲಿ ಸೂರ್ಯ ಹುಟ್ಟುತ್ತಿದ್ದದ್ದು ಅವರ ಮೇಜಿನ ಗಡಿಯಾರವನ್ನು ಕೇಳಿಕೊಂಡು. ಅದು ಟಿಕ್ ಅಂದರೆ ಅವರ ಮನೆಯಿದ್ದ ಮಂಜಲ್‌ಪುರದ ಹಲ್ಲಿಗಳೆಲ್ಲ ಲೊಚಗುಟ್ಟುವುದನ್ನು ಬಿಟ್ಟು ಕಿವಿಗೊಡುತ್ತಿದ್ದವು. ಒಂದು ಸಲ ಅದಕ್ಕೆ ಕೀಲಿ ಕೊಡಲು ಮರೆತಾಗ, ಬಾಂಬೆಗೆ ಹೋಗಬೇಕಾದ ಮೇಲ್ ಗಾಡಿ ಹೊರಡಬೇಕೋ ಬೇಡವೋ ತಿಳಿಯದೆ ಪ್ಲಾಟ್‌ಫಾರಂನಲ್ಲೇ ನಿಂತು ಸಿಳ್ಳೆ ಹಾಕುತ್ತಿತ್ತಂತೆ.

ಆ ಗಡಿಯಾರ ಅವರ ಕೈಗೆ ಬಂದ ಕಥೆಗಳಿಗಂತೂ ಲೆಕ್ಕವಿಲ್ಲ. ಗೋಧ್ರಾ ಕಾಡಿನಲ್ಲಿ ಹುಲಿಯ ಬಾಯಿಗೆ ಎಣ್ಣೆ ಡಬ್ಬಿ ತುರುಕಿ ಇಂಗ್ಲಿಷ್ ದೊರೆಯ ಪ್ರಾಣ ಉಳಿಸಿದ್ದಕ್ಕೆ ಬಹುಮಾನ ಎನ್ನುವುದು ಒಂದು. ಇನ್ನೊಂದು ದಿನ ಅದೇ ಕಥೆಯಲ್ಲಿ ಮೊಸಳೆ ಬರುತ್ತಿತ್ತು.

"ಹೋದ್ ಸಲ ಹುಲಿ ಇತ್ತಲ್ಲ, ಅದೇನಾಯ್ತು?" ಎಂದು ಹೆಂಡತಿ ಗೌರಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದರು.

"ಅದು ರಿಟೈರ್ ಆಯ್ತು ಕಣೇ, ನನ್ ಹಾಗೇ."

ನಿಜ ಇಷ್ಟೇ. ಹಾಸನದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ವೆಂಕಟಾಚಲಯ್ಯ ರೈಲ್ವೆಯಲ್ಲಿ ಸ್ಟೇಷನ್ ಗಡಿಯಾರಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದರು. ಸ್ವಾತಂತ್ರ್ಯ ಬಂದ ವರ್ಷ ಊರಿಗೆ ಹೊರಟ ಒಬ್ಬ ದೊರೆ, ಸ್ಪ್ರಿಂಗ್ ಮುರಿದು ನಿಂತುಹೋಗಿದ್ದ ಗಡಿಯಾರವನ್ನು ಹಳೇ ಕಾಗದಗಳ ಜೊತೆ ಬಿಸಾಕಿ ಹೋದ. ವೆಂಕಟಾಚಲಯ್ಯ ಅದನ್ನು ಎತ್ತಿಕೊಂಡು ಬಂದು, ತಿಂಗಳುಗಟ್ಟಲೆ ಕೂತು, ಮತ್ತೆ ನಡೆಸಿದರು. ಈ ನಿಜದಲ್ಲಿ ಹುಲಿ ಇರಲಿಲ್ಲವಾದ್ದರಿಂದ ಅವರು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಗಡಿಯಾರ ಒಂದು ಗೇಣು ಎತ್ತರ, ಪಂಚಾಂಗದಷ್ಟು ತೆಳ್ಳಗೆ. ಫೋಟೋ ಕಟ್ಟಿನ ಹಾಗೆ ಹಿಂದೊಂದು ಮಡಚುವ ಕಾಲು. ಬೆಳ್ಳಿಯ ಮುಖ, ನೀಲಿ ಮುಳ್ಳುಗಳು. ಮುಖದ ಸುತ್ತ ಹಳದಿ ಲೋಹದ ಮೇಲೆ ಬಳ್ಳಿ, ಎಲೆ, ದ್ರಾಕ್ಷಿ ಗೊಂಚಲು, ಎಡಗಡೆ ಮೂಲೆಯಲ್ಲಿ ಒಂದು ಹಕ್ಕಿ. ಎಲೆಯ ನರಗಳನ್ನು ಕೂಡ ಕೂದಲೆಳೆಯಂತೆ ಕೆತ್ತಿದ್ದರು.

ಕಣ್ಣಿನ ಒತ್ತಡ ಏರಿ ವೆಂಕಟಾಚಲಯ್ಯನವರಿಗೆ ಪೂರ್ತಿ ಕತ್ತಲಾದ ಮೇಲೆ ಅವರು ಈ ಗಡಿಯಾರವನ್ನು ಬೆರಳಿನಲ್ಲೇ ನೋಡುತ್ತಿದ್ದರು. ಪ್ರತಿ ಸೋಮವಾರ ಕಾಫಿ ಆದಮೇಲೆ ಕೀಲಿ ಕೊಡುವ ಶಾಸ್ತ್ರ. ಗೌರಮ್ಮ ಎದುರಿಗೆ ಕೂತು ಗಡಿಯಾರವನ್ನು ಅಲುಗದಂತೆ ಹಿಡಿಯಬೇಕು.

"ಬಳ್ಳಿ... ಎಲೆ... ದ್ರಾಕ್ಷಿ ಗೊಂಚಲು... ಇಲ್ಲಿ ಗುಬ್ಬಿ."

"ಗುಬ್ಬಿ ಅಲ್ಲಾಂದ್ರೆ. ಪಾರಿವಾಳ."

"ಗುಬ್ಬಿ ಕಣೇ. ಇಂಗ್ಲೆಂಡಲ್ಲಿ ಗುಬ್ಬಿಗಳು ಅಷ್ಟು ದಪ್ಪ. ಬೆಣ್ಣೆ ತಿಂದು."

"ಕಣ್ಣಿದ್ದಾಗ್ಲೂ ಹೀಗೇ ಅಂತಿದ್ರಿ. ಪಾರಿವಾಳ ಅಂದ್ರೆ ಪಾರಿವಾಳ."

ಈ ಜಗಳ ವಾರಕ್ಕೊಮ್ಮೆ ತಪ್ಪದೆ ಆಗಬೇಕು. ಆಮೇಲೆ ಅವರು ಹಿಂದಿನ ಮುಚ್ಚಳ ತೆಗೆದು ಒಳಗೆ ಬೆರಳಿಡುತ್ತಿದ್ದರು. ಒಳಗೂ ಕೆತ್ತನೆ ಇತ್ತು.

"ಮುಂದ್ಗಡೆ ಹೆಸರು ಅಂಗಡಿಯವನದು. ಮಾಡಿದ ಮಹಾರಾಯ ಒಳಗೆ ಎರಡೇ ಎರಡಕ್ಷರ ಕೆತ್ಕೊಂಡಿದಾನೆ. ಯಾರೂ ನೋಡದ ಕಡೆ ಇಷ್ಟೊಂದು ಬಳ್ಳಿ ಯಾಕೆ ಬಿಟ್ಟ ಹೇಳು?"

"ನಾನು ಮಂಚದ ಕೆಳಗೂ ಗುಡಿಸ್ತೀನಲ್ಲ, ಯಾರು ನೋಡ್ತಾರೆ? ಹಾಗೇ," ಎನ್ನುತ್ತಿದ್ದರು ಗೌರಮ್ಮ.

"ಆ ಲಂಡನ್ನಿನೋನು ಇದನ್ನ ಕೇಳಿಸ್ಕೊಂಡಿದ್ರೆ ನಿನಗೆ ಕೈ ಮುಗೀತಿದ್ದ. ಮೇಲೆ ಹಚ್ಚಿರೋದು ಅಪ್ಪಟ ಚಿನ್ನ, ತಿಳ್ಕೋ."

ಚಿನ್ನದ ಮಾತನ್ನು ಮನೆಯಲ್ಲಿ ಯಾರೂ ನಂಬಿರಲಿಲ್ಲ. ಹುಲಿ, ಮೊಸಳೆಗಳ ಸಾಲಿನಲ್ಲಿ ಅದೂ ಒಂದು.

ಆ ವರ್ಷದ ಆಯುಧಪೂಜೆಯ ಬೆಳಗ್ಗೆ ಗೌರಮ್ಮ ಹಿತ್ತಲ ನಲ್ಲಿಯ ಹತ್ತಿರ ಮಣೆ ಹಾಕಿಕೊಂಡು ಕೂತರು. ದೀಪದ ಕಂಬ, ಗಂಟೆ, ಪಂಚಪಾತ್ರೆ, ಕೊಳಗ ಎಲ್ಲ ಸಾಲಾಗಿ ಬಂದವು. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಗಂಡನ ಸ್ಕ್ರೂಡ್ರೈವರುಗಳು, ಎಣ್ಣೆ ಡಬ್ಬಿ, ಗಡಿಯಾರ ಪ್ರತಿವರ್ಷ ಪೂಜೆಗೆ ಕೂರುವಂಥವು. ಮೊದಲೆಲ್ಲ ಗಡಿಯಾರವನ್ನು ವೆಂಕಟಾಚಲಯ್ಯನವರೇ ಮಲ್ಲಿನ ಬಟ್ಟೆಯಲ್ಲಿ ಒರೆಸಿಡುತ್ತಿದ್ದರು. ಕಣ್ಣು ಹೋದ ಮೇಲೆ ಅಲ್ಲಲ್ಲಿ ಕಪ್ಪು ಕಲೆ ಕೂತದ್ದು ಅವರಿಗೆ ಕಂಡಿರಲಿಲ್ಲ. ಗೌರಮ್ಮನಿಗೆ ಕಂಡಿತ್ತು. ಪಾಪ, ಕಾಣದವರ ಆಯುಧ ಮಂಕಾಗಿ ಪೂಜೆಗೆ ಕೂರಬಾರದು ಎಂದುಕೊಂಡರು. ಯಂತ್ರಕ್ಕೆ ನೀರು ಹೋಗದ ಹಾಗೆ ತಮ್ಮ ಹಳೇ ಸೀರೆಯ ಚೂರನ್ನು ಹಿಂದಿನ ಮುಚ್ಚಳದ ಸಂದಿಗೆ ತುರುಕಿ, ನಾರು ತೆಗೆದುಕೊಂಡು ಬಲಗಡೆಯಿಂದ ಶುರುಮಾಡಿದರು.

ಮಗ ರಾಮಚಂದ್ರ ಮಕರಪುರದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಸ್ಕೂಟರ್ ತೊಳೆಯಲು ಬಕೆಟ್ ಹಿಡಿದು ಬಂದವನು ಅಲ್ಲೇ ನಿಂತ.

"ಅಮ್ಮಾ! ಏನ್ಮಾಡ್ತಿದೀಯ?"

"ಕಾಣಲ್ವೇನೋ? ಉಜ್ತಾ ಇದೀನಿ. ನೋಡು, ಈ ಕಡೆ ಹ್ಯಾಗೆ ಬೆಳ್ಳಗಾಯ್ತು."

"ನಿಲ್ಸು, ನಿಲ್ಸು! ಎರಡೂ ಕಡೆ ಬಣ್ಣ ನೋಡು, ಅದು ನಿಜವಾಗ್ಲೂ ಚಿನ್ನ ಕಣಮ್ಮ, ಕಿತ್ಕೊಂಡು ಬರ್ತಿದೆ!"

"ಚಿನ್ನವೂ ಇಲ್ಲ ಗಿನ್ನವೂ ಇಲ್ಲ. ನಿಮ್ಮಪ್ಪನ ಮಾತು..." ಎಂದ ಗೌರಮ್ಮ ಕೈ ನಿಲ್ಲಿಸಿ ನೋಡಿದರು. ಎಡಗಡೆಯ ಅರ್ಧ ಜೇನಿನ ಬಣ್ಣದಲ್ಲಿ ಮೆತ್ತಗೆ ಹೊಳೆಯುತ್ತಿತ್ತು. ಬಲಗಡೆಯ ಅರ್ಧ ಹೊಸ ಚೊಂಬಿನ ಹಾಗೆ ಬೆಪ್ಪಾಗಿ ಹೊಳೆಯುತ್ತಿತ್ತು. ಆ ಕಡೆಯ ಎಲೆಗಳ ನರಗಳೂ ಸವೆದಿದ್ದವು. ಮೋರಿಯ ಕಡೆ ಹರಿಯುತ್ತಿದ್ದ ಕೆಂಪು ನೀರಿನಲ್ಲಿ ಏನೋ ಸಣ್ಣಗೆ ಮಿರುಗುತ್ತಿತ್ತು. ಅದನ್ನು ಹಿಡಿಯುವವರಂತೆ ಗೌರಮ್ಮ ಅಂಗೈ ಅಡ್ಡ ಇಟ್ಟರು. ನೀರು ಬೆರಳ ಸಂದಿಯಿಂದ ಹೋಯಿತು.

"ನೂರು ಮಾತಲ್ಲಿ ತೊಂಬತ್ತೊಂಬತ್ತು ಸುಳ್ಳು ಹೇಳೋ ಮನುಷ್ಯ," ಎಂದರು. "ಇದೊಂದು ನಿಜ ಅಂತ ನನಗೆ ಹ್ಯಾಗೋ ಗೊತ್ತಾಗ್ಬೇಕು?"

ಸೊಸೆ ಸುಮಿತ್ರಾ ಓಡಿಬಂದು ಬಾಯಿಗೆ ಸೆರಗು ಹಿಡಿದಳು. ಗೌರಮ್ಮ ಎದ್ದರು.

"ನಡಿ, ಅವರಿಗೆ ಹೇಳ್ಬಿಡ್ತೀನಿ. ಬೈದ್ರೆ ಬೈಸ್ಕೋತೀನಿ."

"ಬೇಡಮ್ಮ," ಎಂದ ರಾಮಚಂದ್ರ. "ಕಣ್ಣು ಹೋದ್ಮೇಲೆ ಅಪ್ಪಂಗೆ ಉಳಿದಿರೋದು ಅದೊಂದೇ. ಎದೆ ಒಡ್ಕೊಂಡುಬಿಡ್ತಾರೆ."

"ಸಾರಿಗೆ ಉಪ್ಪು ಹೆಚ್ಚಾಗಿದ್ರೂ ಅವರಿಗೆ ಹೇಳೇ ಬಡಿಸಿದೋಳು ನಾನು. ಇದನ್ನ ಹ್ಯಾಗೆ ಹೊಟ್ಟೇಲಿಟ್ಕೊಳ್ಲಿ?"

"ತಾರಾ ಮೇಲಾಣೆ, ಹೇಳ್ಕೂಡ್ದು. ನಾನೇನಾದ್ರೂ ಸರಿ ಮಾಡಿಸ್ತೀನಿ."

ಮೊಮ್ಮಗಳ ಮೇಲೆ ಆಣೆ ಬಿದ್ದ ಮೇಲೆ ಗೌರಮ್ಮನ ಬಾಯಿ ಕಟ್ಟಿತು.

ಪೂಜೆಯ ಹೊತ್ತಿಗೆ ವೆಂಕಟಾಚಲಯ್ಯ ಮಡಿಯುಟ್ಟು ಬಂದು ಎಲ್ಲ ಆಯುಧಗಳನ್ನೂ ಮುಟ್ಟಿ ಕುಂಕುಮ ಇಟ್ಟರು. ಗಡಿಯಾರದ ಮೇಲೆ ಬೆರಳು ಓಡಿತು. ಬಲಗಡೆಗೆ ಬಂದು ಒಂದು ಕ್ಷಣ ನಿಂತಿತು. ನಶ್ಯ ಏರಿಸುವವರಂತೆ ಬೆರಳನ್ನು ಮೂಗಿಗೆ ಹಿಡಿದರು.

"ಭೇಷ್," ಎಂದರು ಮುದುಕರು. "ಚಿನ್ನ ಅಂದ್ರೆ ಚಿನ್ನ. ತಾರಾ, ಹ್ಯಾಗೆ ಹೊಳೀತಿದೆ ಹೇಳು ಮರಿ."

ಹನ್ನೆರಡು ವರ್ಷದ ತಾರಾ ಅಜ್ಜಿಯ ಮುಖ ನೋಡಿ, "ಬಹೂ ಸರಸ್, ತಾತ," ಎಂದಳು. ಬಹಳ ಚೆನ್ನಾಗಿದೆ ಅಂತ. ಸುಳ್ಳು ಹೇಳುವಾಗ ಆ ಹುಡುಗಿಗೆ ಗುಜರಾತಿಯೇ ಬರುತ್ತಿತ್ತು. ಗೌರಮ್ಮ ಮಂಗಳಾರತಿ ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ಹಿತ್ತಲಿಗೆ ನಡೆದರು.

ಅಂದಿನಿಂದ ಮುದುಕರ ಬಾಯಲ್ಲಿ ಚಿನ್ನದ್ದೇ ಕಥೆ. ಹುಲಿಯೂ ಹೋಯಿತು, ಮೊಸಳೆಯೂ ಹೋಯಿತು. ಪಕ್ಕದ ಮನೆಯ ಜಶುಭಾಯಿ ಸಂಜೆ ಚಹಾಕ್ಕೆ ಬಂದರೆ ಸಾಕು, "ನೋಡು ಭಾಯಿ, ರಾಣಿಯ ಕಿವಿಯೋಲೆ ಕರಗಿಸಿ ಹಚ್ಚಿದ ಚಿನ್ನ. ಕಣ್ಣು ಕುಕ್ಕೀತು, ದೂರ ಕೂತ್ಕೋ," ಎನ್ನುತ್ತಿದ್ದರು. ಜಶುಭಾಯಿ ಅರ್ಧ ಹಿತ್ತಾಳೆಯ ಗಡಿಯಾರವನ್ನು ನೋಡಿ ಬಾಯಿ ತೆರೆಯುವಷ್ಟರಲ್ಲಿ, ಮುದುಕರ ಬೆನ್ನ ಹಿಂದೆ ನಿಂತ ಸುಮಿತ್ರಾ ಕೈ ಮುಗಿಯುತ್ತಿದ್ದಳು. ಜಶುಭಾಯಿ ಬಾಯಲ್ಲಿದ್ದ ಕುರುಕಲು ಗಾಂಠಿಯಾ ನುಂಗಿಕೊಂಡು, "ವಾಹ್ ಕಾಕಾ, ಏಕ್‌ದಮ್ ಸೋನಾ!" ಎನ್ನುತ್ತಿದ್ದರು. ಚಹಾ ತಂದ ಗೌರಮ್ಮ ಲೋಟ ಇಟ್ಟು ಹಿತ್ತಲಿಗೆ ಹೋಗುತ್ತಿದ್ದರು.

ದೀಪಾವಳಿಗೆ ಮುಂಚೆ ರಾಮಚಂದ್ರ ಗಡಿಯಾರವನ್ನು ಪಂಚೆಯಲ್ಲಿ ಸುತ್ತಿಕೊಂಡು ಅಹಮದಾಬಾದಿಗೆ ಹೋದ. ಎಣ್ಣೆ ಹಾಕಿಸಲು ಎಂದು ಅಪ್ಪನಿಗೆ ಹೇಳಿದ.

"ನನ್ನ ಕೈಯಲ್ಲಾಗೋ ಕೆಲಸಕ್ಕೆ ಅಹಮದಾಬಾದಾ?" ಎಂದರು ಅವರು. ಹೋಗಬೇಡ ಎನ್ನಲಿಲ್ಲ.

ಅಲ್ಲಿನ ಮಾಣೆಕ್ ಚೌಕದಲ್ಲಿ ಒಬ್ಬ ಮುದಿ ಅಕ್ಕಸಾಲಿ ಇದ್ದ. ಅಪ್ಪಟ ಚಿನ್ನದ ಒಡವೆ ಮಾಡಕೂಡದೆಂದು ಸರ್ಕಾರದ ಕಾನೂನು ಬಂದ ಮೇಲೆ ಕುಲುಮೆ ಆರಿಸಿ ಗಾಜಿನ ಬಳೆ ಮಾರುತ್ತಿದ್ದ. ಗಡಿಯಾರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದು ಈಗಿನ ಹಾಗೆ ಕರೆಂಟಿನಲ್ಲಿ ಹಚ್ಚೋ ಚಿನ್ನದ ನೀರಲ್ಲ, ಸಾಹೇಬ್. ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ, ಬೆಂಕಿಗೆ ಹಿಡಿದು ಪಾದರಸ ಹಾರಿಸೋದು. ಆ ಹೊಗೆ ಕುಡಿದೋರಿಗೆ ಹಲ್ಲು ಉದುರ್ತಿತ್ತು, ಕೈ ನಡುಗ್ತಿತ್ತು. ಮೈ ತೇದು ಮಾಡಿರೋ ಕೆಲಸ ಇದು." ಆಮೇಲೆ ತಲೆಯೆತ್ತಿ ಕೇಳಿದ, "ಅರ್ಧಕ್ಕೇ ಯಾಕೆ ಬಿಟ್ರಿ?"

"ನಮ್ಮ ತಾಯಿ... ಹಬ್ಬಕ್ಕೆ ಅಂತ..."

"ಈಗ ಹೊಸ ನೀರು ಹಚ್ಚಿದ್ರೆ ಗಂಡ ಒಂದೂರು ಹೆಂಡತಿ ಒಂದೂರು ಅನ್ನೋ ಹಾಗೆ ಕಾಣತ್ತೆ. ಹೀಗೇ ಬಿಡಿ."

ರಾಮಚಂದ್ರ ಹಾಗೇ ಸುತ್ತಿಕೊಂಡು ಬಂದ. ಊಟಕ್ಕೆ ಕೂತಾಗ ಗೌರಮ್ಮ ಮುಖದಲ್ಲೇ ಕೇಳಿದರು. ಅವನು ಆಗಲಿಲ್ಲ ಎಂದು ತಲೆ ಅಲ್ಲಾಡಿಸಿದ. ರೇಷನ್ ಅಕ್ಕಿಯಲ್ಲಿ ಕಲ್ಲು ಸಿಕ್ಕಿ ಅವನ ಹಲ್ಲು ಕಟಕ್ಕೆಂದಿತು. ಬೇರೆ ದಿನವಾಗಿದ್ದರೆ ಗೌರಮ್ಮ ರೇಷನ್ ಅಂಗಡಿಯವನ ಏಳು ತಲೆಮಾರಿಗೂ ಮಂಗಳಾರತಿ ಎತ್ತುತ್ತಿದ್ದರು.

ಸೋಮವಾರಗಳು ಬರುತ್ತಲೇ ಇದ್ದವು. ಗಡಿಯಾರ ಹಿಡಿಯಲು ಗೌರಮ್ಮ ಬರುವುದು ನಿಂತಿತು. ಒಂದು ವಾರ ಮೆಣಸಿನಕಾಯಿ ಹುರಿಯುವುದಿತ್ತು, ಇನ್ನೊಂದು ವಾರ ಹಪ್ಪಳ ಒತ್ತುವುದಿತ್ತು. ಎದುರಿಗೆ ಕೂತರೆ ಬಾಯಿ ಸುಮ್ಮನಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತಾರಾಳನ್ನು ಕಳಿಸುತ್ತಿದ್ದರು.

"ಇಲ್ಲಿ ಗುಬ್ಬಿ," ಎಂದು ಮುದುಕರು ಗಟ್ಟಿಯಾಗಿ, ಅಡುಗೆಮನೆಗೆ ಕೇಳುವ ಹಾಗೆ ಹೇಳುತ್ತಿದ್ದರು.

"ಹಾ ತಾತ, ಗುಬ್ಬಿ," ಎನ್ನುತ್ತಿದ್ದಳು ತಾರಾ.

ಮುದುಕರು ಸ್ವಲ್ಪ ಕಾಯುತ್ತಿದ್ದರು. ಅಡುಗೆಮನೆಯಿಂದ ಏನೂ ಬರುತ್ತಿರಲಿಲ್ಲ. ಆಗ ಇನ್ನೂ ಗಟ್ಟಿಯಾಗಿ, "ಚಿನ್ನದ ಗುಬ್ಬಿ! ಅಪ್ಪಟ ಚಿನ್ನ!" ಎನ್ನುತ್ತಿದ್ದರು.

ಗೌರಮ್ಮ ಸೊರಗಿದರು. ಎಲೆಯ ಮುಂದೆ ಕೂತು ಅನ್ನವನ್ನು ಸುಮ್ಮನೆ ಕಲಸುತ್ತಿದ್ದರು. ಸುಮಿತ್ರಾ ಗಂಡನ ಮೇಲೆ ಹರಿಹಾಯ್ದಳು.

"ನಿಮ್ಮ ಆಣೆ ವಾಪಸ್ ತಗೊಳ್ರೀ. ಅತ್ತೆ ತುತ್ತು ನುಂಗ್ತಿಲ್ಲ."

"ಅಪ್ಪ ಸಂತೋಷವಾಗಿದಾರಲ್ಲೇ. ಕೇಳಿಸಲ್ವಾ, ದಿನಾ ಹ್ಯಾಗೆ ಹೊಗಳ್ಕೋತಾರೆ?"

"ಅದೇ ಹೊಗಳಿಕೆ ಅತ್ತೇನ ಚುಚ್ತಾ ಇರೋದು."

"ಸ್ವಲ್ಪ ದಿನ ಹೋದ್ರೆ ಅಮ್ಮ ಮರೀತಾಳೆ ಬಿಡು."

ಧನುರ್ಮಾಸದಲ್ಲಿ ಸೂರತ್ತಿನಿಂದ ಮಗಳು ಹೇಮಲತಾ ಬಾಣಂತನಕ್ಕೆ ಅಮ್ಮನನ್ನು ಕರೆಸಿಕೊಂಡಳು. ಅಳಿಯ ಅಲ್ಲಿ ಬ್ಯಾಂಕಿನಲ್ಲಿದ್ದ. ಹೊರಡುವ ದಿನ ಸ್ಟೇಷನ್ನಿಗೆ ಎಲ್ಲರೂ ಹೋದರು. ತಾತನಿಗೆ ತಾರಾ ಕೈ ಕೊಟ್ಟಿದ್ದಳು. ಗೌರಮ್ಮ ಮಗನನ್ನು ನೀರಿನ ನಲ್ಲಿಯ ಹತ್ತಿರ ಕರೆದರು.

"ರಾಮೂ, ಈ ಭಾರ ಹೊತ್ಕೊಂಡು ಅಷ್ಟು ದೂರ ಹೋಗಲಾರೆ ಕಣೋ. ಆಣೆ ಬಿಡಿಸು."

ರಾಮಚಂದ್ರ ಅಮ್ಮನ ಮುಖ ನೋಡಿದ. ಕೆನ್ನೆಯ ಮೂಳೆಗಳು ಎದ್ದುಬಿಟ್ಟಿದ್ದವು. "ಆಯ್ತಮ್ಮ, ಹೇಳು ಹೋಗು," ಎಂದ.

ಗೌರಮ್ಮ ಗಂಡನ ಪಕ್ಕ ಬಂದು ನಿಂತರು. ವೆಂಕಟಾಚಲಯ್ಯ ತಲೆಯೆತ್ತಿ, ಪ್ಲಾಟ್‌ಫಾರಂನ ದೊಡ್ಡ ಗಡಿಯಾರ ಇರುವ ದಿಕ್ಕಿಗೆ ಮುಖ ಮಾಡಿದ್ದರು. "ಒಂದು ನಿಮಿಷ ಹಿಂದಿದೆ," ಎಂದರು. "ನನ್ ಕಾಲದಲ್ಲಿ ಹೀಗಾಗಿದ್ರೆ ಸ್ಟೇಷನ್ ಮಾಸ್ಟರು ಸನ್ಯಾಸ ತಗೋತಿದ್ದ."

"ಏನೂಂದ್ರೆ, ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

"ಬಂದ್ಮೇಲೆ ಹೇಳೇ."

"ಇಲ್ಲ, ಈಗ್ಲೇ. ಗಡಿಯಾರದ್ದು..."

"ಗಡಿಯಾರ ಎಲ್ಲೋಗತ್ತೆ? ನಾನೆಲ್ಲೋಗ್ತೀನಿ? ರೈಲು ಸಿಳ್ಳೆ ಹಾಕ್ತು, ಹತ್ತು. ಸಂಕ್ರಾಂತಿ ಕಳೆದು ಬಾ, ನಿಧಾನಕ್ಕೆ ಕೂತು ಕೇಳ್ತೀನಿ." ಅವರು ತಡವರಿಸಿ ಹೆಂಡತಿಯ ಭುಜ ಹುಡುಕಿ, ಗಾಡಿಯ ಕಡೆ ಮೆಲ್ಲಗೆ ತಳ್ಳಿದರು. "ನಗ್ತಾ ಹೋಗು. ಚಿನ್ನದಂಥ ಗಡಿಯಾರ ಬಿಟ್ಟು ಹೋಗ್ತಿದೀಯ, ಬೇಗ ಬಾ."

ಗೌರಮ್ಮ ಕಿಟಕಿಯ ಕಂಬಿ ಹಿಡಿದು ಕೂತರು. ಗಾಡಿ ತಿರುಗುವ ತನಕ ತಾರಾ ಕೈ ಬೀಸಿದಳು. ಅಜ್ಜಿ ಕೈ ಎತ್ತಲಿಲ್ಲ.

ಸೂರತ್ತಿನಲ್ಲಿ ಗಂಡು ಮಗು ಹುಟ್ಟಿತು. ಗಾಳಿಪಟ ಹಾರಿಸುವ ಉತ್ತರಾಯಣದ ಹಬ್ಬದ ಮಾರನೇ ದಿನ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಸಾಂಬ್ರಾಣಿ ಹಿಡಿದು, ತೊಟ್ಟಿಲಿಗೆ ಹಾಕಿದ ಗೌರಮ್ಮ ಎದೆ ಹಿಡಿದಂತಾಗುತ್ತಿದೆ ಎಂದು ಗೋಡೆಗೆ ಒರಗಿ ಕೂತರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಾಮಚಂದ್ರನ ಕಾರ್ಖಾನೆಗೆ ಫೋನ್ ಬಂತು.

ಸೂರತ್ತಿನ ದಾರಿಯುದ್ದಕ್ಕೂ ಮರಗಳಲ್ಲಿ, ತಂತಿಗಳಲ್ಲಿ ಹರಿದ ಗಾಳಿಪಟಗಳು ಜೋತಾಡುತ್ತಿದ್ದವು. ಮಗಳ ಮನೆಯಲ್ಲಿ ವೆಂಕಟಾಚಲಯ್ಯನವರನ್ನು ಹೆಂಡತಿಯ ಪಕ್ಕ ಕೂರಿಸಿದಾಗ, ಆಕೆಯ ಬಲಗೈ ಎತ್ತಿ ಬೆರಳುಗಳನ್ನು ಮೂಗಿಗೆ ಹಿಡಿದರು. ಸೀಗೆಪುಡಿಯ ವಾಸನೆ ಇತ್ತು. ಕೈಯನ್ನು ಹಾಗೇ ಹಿಡಿದುಕೊಂಡು ಕೂತುಬಿಟ್ಟರು. ತಾಪಿ ನದಿಯ ದಡಕ್ಕೆ ಒಯ್ಯುವ ಹೊತ್ತಾದಾಗ ರಾಮಚಂದ್ರ ಬಂದು ಬೆರಳುಗಳನ್ನು ಬಿಡಿಸಬೇಕಾಯಿತು.

ವೈಕುಂಠ ಸಮಾರಾಧನೆ ಮುಗಿಸಿ ಬರೋಡಾಕ್ಕೆ ಬಂದಾಗ ಗಡಿಯಾರ ನಿಂತುಹೋಗಿತ್ತು. ಯಾರೂ ಕೀಲಿ ಕೊಟ್ಟಿರಲಿಲ್ಲ. ಸೋಮವಾರ ಬಂತು. ಸುಮಿತ್ರಾ ಕಾಫಿ ಕೊಟ್ಟು, ಹುಳಿಗೆ ಬೇಳೆ ಇಟ್ಟಳು. ರಾಮಚಂದ್ರ ಬೂಟಿನ ದಾರ ಕಟ್ಟುತ್ತಿದ್ದ.

"ಸುಮಿತ್ರಾ, ಹುಣಸೆಹಣ್ಣು ನೆನೆಹಾಕಿದೀಯಾ? ವಾಸನೆ ಬಂತು."

"ಹೂಂ ಮಾವ."

"ಒಂದುಂಡೆ ಕೊಡು. ಇಟ್ಟಿಗೆ ಪುಡೀನೂ, ನಾರೂ ಕೊಡು."

"ಯಾಕೆ ಮಾವ?"

"ಅವಳು ಅರ್ಧಕ್ಕೇ ಬಿಟ್ಟಿದಾಳೆ."

ರಾಮಚಂದ್ರನ ಕೈ ದಾರದ ಮೇಲೇ ನಿಂತಿತು. "ಅಪ್ಪ... ನಿಮಗೆ ಗೊತ್ತಿತ್ತಾ?"

"ಚಿನ್ನಕ್ಕೆ ವಾಸನೆ ಇಲ್ಲ ಕಣೋ. ಹಿತ್ತಾಳೆ ಮುಟ್ಟಿದ್ರೆ ವಾಸನೆ ಬೆರಳಿಗೆ ಹಿಡಿಯತ್ತೆ. ಪೂಜೆ ದಿನವೇ ಗೊತ್ತಾಯ್ತು. ಒಳಗೆ ಅವಳ ಸೀರೆ ಚೂರೂ ಸಿಕ್ತು. ಯಂತ್ರಕ್ಕೆ ನೀರು ಹೋಗ್ಬಾರ್ದು ಅಂತ ತುರುಕಿದ್ಳು."

"ಮತ್ತೆ ದಿನಾ ಚಿನ್ನ ಚಿನ್ನ ಅಂತ ಹೇಳ್ತಿದ್ರಲ್ಲ!"

"ನನಗೆ ಗೊತ್ತಾಗಿಲ್ಲ ಅಂತ ಅವಳು ನಂಬ್ಲಿ ಅಂತ ಹೇಳ್ತಿದ್ದೆ. ನಿಶ್ಚಿಂತೆಯಾಗಿರ್ಲಿ ಅಂತ. ಸ್ಟೇಷನ್ನಲ್ಲಿ ಹೇಳೋಕೆ ಬಂದ್ಳು. ದಾರಿಯುದ್ದಕ್ಕೂ ನಾಚ್ಕೊಂಡು ಹೋಗ್ತಾಳೆ ಅಂತ ನಾನೇ ಬಾಯಿ ಮುಚ್ಚಿಸ್ದೆ. ಬಂದ್ಮೇಲೆ ಇಬ್ರೂ ಕೂತು ನಕ್ಕರಾಯ್ತು ಅಂತಿದ್ದೆ."

"ನೀವು ಚಿನ್ನ ಚಿನ್ನ ಅಂದಾಗೆಲ್ಲ ಅಜ್ಜಿ ಹಿತ್ತಲಿಗೆ ಹೋಗಿ ಅಳ್ತಿದ್ರು, ತಾತ," ಎಂದಳು ತಾರಾ. "ದಿನಾ ಅಳ್ತಿದ್ರು. ನಾನು ನೋಡಿದೆ."

ಸುಮಿತ್ರಾ ಮಗಳ ತೋಳು ಹಿಡಿದು ಎಳೆದಳು. ಮಾತು ಆಗಲೇ ಹೊರಬಿದ್ದಿತ್ತು. ವೆಂಕಟಾಚಲಯ್ಯ ಬಾಯಿ ತೆರೆದರು. ಹುಲಿ, ಮೊಸಳೆ, ರಾಣಿಯ ಕಿವಿಯೋಲೆ, ಯಾವುದೂ ಬರಲಿಲ್ಲ.

ಗಡಿಯಾರವನ್ನು ಎದೆಗೆ ಒತ್ತಿಕೊಂಡು ಎದ್ದರು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ, ನಲ್ಲಿಯ ಹತ್ತಿರ ಗೌರಮ್ಮನ ಮಣೆಯನ್ನು ಕಾಲಿನಿಂದ ಹುಡುಕಿ ಕೂತರು. ಜೇಬಿನಿಂದ ಸೀರೆಯ ಚೂರು ತೆಗೆದು ಮುಚ್ಚಳದ ಸಂದಿಗೆ ತುರುಕಿದರು. ಸುಮಿತ್ರಾ ತಂದಿಟ್ಟ ಹುಣಸೆಹಣ್ಣು ಹಚ್ಚಿ ಎಡಗಡೆಯನ್ನು ಉಜ್ಜತೊಡಗಿದರು.

"ಅಪ್ಪ, ಬೇಡಪ್ಪ! ಅಷ್ಟಾದ್ರೂ ಉಳಿದಿದೆ!" ಎಂದು ರಾಮಚಂದ್ರ ಒಂದೇ ಬೂಟಿನಲ್ಲಿ ಓಡಿಬಂದ. ಸುಮಿತ್ರಾ ಅವನ ತೋಳು ಹಿಡಿದು ನಿಲ್ಲಿಸಿದಳು. ತಾನೇ ಬಗ್ಗಿ ಚೊಂಬಿನಲ್ಲಿ ನೀರು ಹುಯ್ದಳು. ಕೆಂಪು ನೀರು ಸಣ್ಣಗೆ ಮಿರುಗುತ್ತ ಮೋರಿಯ ಕಡೆ ಹೋಯಿತು.

ಎರಡೂ ಕಡೆ ಒಂದೇ ಬಣ್ಣ ಬಂದ ಮೇಲೆ ಮುದುಕರು ಪಂಚೆಯ ತುದಿಯಿಂದ ಒರೆಸಿ, ಕೀಲಿ ಕೊಟ್ಟರು. ತಾರಾ ಎದುರಿಗೆ ಕೂತು ಹಿಡಿದುಕೊಂಡಳು. ಟಿಕ್ ಟಿಕ್ ಶುರುವಾಯಿತು.

"ಬಳ್ಳಿ..." ಎಂದರು ಅವರು. "ಎಲೆ... ದ್ರಾಕ್ಷಿ ಗೊಂಚಲು..."

ಬೆರಳು ಮೂಲೆಯ ಹಕ್ಕಿಯ ಮೇಲೆ ಬಂದು ನಿಂತಿತು. ಅಡುಗೆಮನೆಯ ಕಡೆ ಕಿವಿಗೊಟ್ಟು ಕಾದರು. ಒಲೆಯ ಮೇಲೆ ಬೇಳೆ ಕುದಿಯುವ ಸದ್ದು ಬರುತ್ತಿತ್ತು.

"ಪಾರಿವಾಳ," ಎಂದರು.